ಅಶ್ವತ್ಥ್ ಹೋದ ದಿನ

ಮಾನ್ಯ ಸಂಪಾದಕರೇ,

2009ರ ಡಿಸೆಂಬರ್ 30 ಎಂದರೆ ಎಲ್ಲರಿಗೂ ಅಂದು ತೀರಿಕೊಂಡ ನಟ ವಿಷ್ಣುವರ್ಧನ್ ನೆನಪಾಗುತ್ತಾರೆ. ನನಗೆ ಮಾತ್ರ ಅದರ ಹಿಂದಿನ ದಿನವೇ ಕಣ್ಣಿಗೆ ಕಟ್ಟಿದಂತಿದೆ. ತಿಪಟೂರಿನಲ್ಲಿ ಅರಸೀಕೆರೆ ಬಸ್ಸಿಗೆ ಕಾಯುತ್ತಿದ್ದೆ. ಎದುರಿನ ಹೋಟೆಲಿನ ಟೀವಿಯಲ್ಲಿ ಗಾಯಕ ಸಿ. ಅಶ್ವತ್ಥ್ ತೀರಿಕೊಂಡ ಸುದ್ದಿ. ಅವರಿಗೆ 70 ತುಂಬಿದ ದಿನವೂ ಅದೇ! ದೋಸೆ ಹುಯ್ಯುತ್ತಿದ್ದವರು ಸಟ್ಟುಗ ಹಿಡಿದೇ ಟೀವಿ ಮುಂದೆ ಬಂದು ನಿಂತರು. ಕಾವಲಿ ಮೇಲಿನ ದೋಸೆ ಸೀದುಹೋಯಿತು, ಯಾರೂ ಬೈಯಲಿಲ್ಲ. ಶರೀಫರ ತತ್ವಪದಗಳನ್ನು ನಮ್ಮಂಥವರ ಬಾಯಿಗೂ ತಂದ ಕಂಠವಲ್ಲವೇ ಅದು. ಹಿಂತಿರುಗಿ ನೋಡಿದರೆ ಬಸ್ಸು ಹೊರಟೇಹೋಗಿತ್ತು.

ಮರುದಿನದ ದುಃಖದಲ್ಲಿ ಈ ದುಃಖ ಮುಳುಗಿತು ಎನ್ನುವ ಸಣ್ಣ ಹೊಟ್ಟೆಯುರಿ ನನಗೆ ಇಂದಿಗೂ ಇದೆ. ಪ್ರತಿ ಡಿಸೆಂಬರ್ 29ಕ್ಕೆ ಹಳೆಯ ಕ್ಯಾಸೆಟ್ ಹಾಕುತ್ತೇನೆ. ಈಗೀಗ ಎರಡನೇ ಬದಿಯಲ್ಲಿ ಟೇಪು ಸಿಕ್ಕಿಕೊಳ್ಳುತ್ತದೆ.

– ನಿವೃತ್ತ ಶಿಕ್ಷಕ, ತಿಪಟೂರು