ಏರ್ ಫಿಲ್ಟರ್‌ಗೆ ಪೆಟ್ರೋಲ್ ಹಾಕಬೇಡಿ

ಮಾನ್ಯ ಸಂಪಾದಕರೇ,

ಪುಣೆಯ ಹಿಂಜವಡಿ, ವಾಕಡ್ ಕಡೆಯ ಧೂಳಿನಲ್ಲಿ ಓಡಾಡುವ ನಮ್ಮ ಕನ್ನಡದವರು ಕೆಲವರು ಕಾರಿಗೆ ತೊಳೆದು ಮತ್ತೆ ಬಳಸುವ ಹತ್ತಿಯ ಏರ್ ಫಿಲ್ಟರ್ ಹಾಕಿಸಿದ್ದಾರೆ. ಒಳ್ಳೆಯದೇ. ಆದರೆ ಕೆಲವು ಗ್ಯಾರೇಜುಗಳಲ್ಲಿ ಅದನ್ನು ಪೆಟ್ರೋಲಿನಲ್ಲಿ ಅದ್ದಿ, ಕಂಪ್ರೆಸರ್ ಗಾಳಿ ಹೊಡೆದು ಕೊಡುತ್ತಾರೆ, ಎಳೆ ಹರಿದರೆ ಧೂಳು ಸೀದಾ ಎಂಜಿನ್ ಒಳಗೇ ಹೋಗುತ್ತದೆ ಅಲ್ವಾ? ಅದಕ್ಕೆಂದೇ ಸಿಗುವ ಕ್ಲೀನರ್ ಹಾಕಿ, ಸುಮಾರು 10 ನಿಮಿಷ ಬಿಟ್ಟು, ಒಳಬದಿಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಡಬೇಕು. ತಾನಾಗೇ ಪೂರ್ತಿ ಒಣಗಲಿ, ಇಲ್ಲಿನ ಮಳೆಗಾಲದಲ್ಲಿ ಹೊತ್ತು ಜಾಸ್ತಿ ಹಿಡಿಯುತ್ತದೆ. ಆಮೇಲೆ ಫಿಲ್ಟರಿನ ಮಡಿಕೆಗಳ ಮೇಲೆ ತೆಳ್ಳಗೆ ಫಿಲ್ಟರ್ ಎಣ್ಣೆ ಹಾಕಬೇಕು. ಅತಿಯಾದರೆ ಗಾಳಿ ಅಳೆಯುವ ಸೆನ್ಸರ್ ಮೇಲೆ ಕೂತು ಪಿಕಪ್ ಕೆಡಬಹುದು. ಮಾಮೂಲಿ ಪೇಪರ್ ಫಿಲ್ಟರನ್ನು ಮಾತ್ರ ತೊಳೆಯಲೇಬೇಡಿ, ಬದಲಿಸಿ.

– ಒಬ್ಬ ಓದುಗ, ವಾಕಡ್, ಪುಣೆ