ಅಪ್ಪನಿಗೂ ಅರ್ಧ ಪುಟ ಕೊಡು

ಪ್ರೀತಿಯ ತಂಗಿ,

ನಿನ್ನ ನಾಟಕ ಓದಿದೆ. ಜಗಳಗಳು ಜೋರಾಗಿವೆ. ಆದರೆ ಅಪ್ಪ ಬಾಯಿ ತೆರೆದ ಕೂಡಲೇ ಅವನು ಕೆಟ್ಟವನು ಅಂತ ಗೊತ್ತಾಗಿಬಿಡುತ್ತದೆ. ಆಮೇಲೆ ನಾವು ಎರಡು ಗಂಟೆ ಯಾಕೆ ಕೂರಬೇಕು?

ಅಮೆರಿಕದ ನಾಟಕಕಾರ ಯೂಜೀನ್ ಓನೀಲ್‌ನ 'ಲಾಂಗ್ ಡೇಸ್ ಜರ್ನಿ ಇನ್‌ಟು ನೈಟ್' ನಾಟಕ ಓದು. 1912ರ ಆಗಸ್ಟ್‌ನ ಒಂದೇ ದಿನ, ಬೆಳಗಿನ ತಿಂಡಿಯಿಂದ ನಡುರಾತ್ರಿವರೆಗೆ. ಗಂಡ, ಹೆಂಡತಿ, ಬೆಳೆದ ಇಬ್ಬರು ಗಂಡುಮಕ್ಕಳು. ಅಮ್ಮನಿಗೆ ಮಾರ್ಫಿನ್ ಅನ್ನುವ ನೋವಿನ ಮದ್ದಿನ ಚಟ. ಕಿರಿಯವನಿಗೆ ಕ್ಷಯ.

ಅಪ್ಪ ಜೇಮ್ಸ್ ಟೈರೋನ್ ಹೆಸರಾಂತ ನಟ, ಮಹಾ ಜಿಪುಣ. ಅವನು ಅಗ್ಗದ ಡಾಕ್ಟರನ್ನು ಕರೆಸಿದ್ದಕ್ಕೇ ಅಮ್ಮನಿಗೆ ಚಟ ಅಂಟಿತು ಅಂತ ಮನೆಯವರ ದೂರು. ಈಗ ಮಗನನ್ನೂ ಕಡಿಮೆ ಖರ್ಚಿನ ಸರ್ಕಾರಿ ಆಸ್ಪತ್ರೆಗೆ ಸೇರಿಸಲು ಹೊರಟಿದ್ದಾನೆ. ನೀನಾಗಿದ್ದರೆ ಇವನ ಕಥೆ ಇಲ್ಲಿಗೇ ಮುಗಿಸಿಬಿಡುತ್ತಿದ್ದೆ, ಅಲ್ವಾ?

ನಾಲ್ಕನೇ ಅಂಕ ನೋಡು. ರಾತ್ರಿ ಮನೆಗೆ ಬಂದ ಕಿರಿಮಗನಿಗೆ, ಹಾಲ್‌ನ ದೀಪ ಆರಿಸು ಅಂತ ಅಪ್ಪ ಹೇಳುತ್ತಾನೆ. ಮಗ ಕೇಳುವುದಿಲ್ಲ. ಮಾತಿಗೆ ಮಾತು ಬೆಳೆಯುತ್ತದೆ. ಬಾರಿಸುತ್ತೇನೆ ಅಂದ ಅಪ್ಪನಿಗೆ ಮಗನ ಕಾಯಿಲೆ ನೆನಪಾಗಿ ನಾಚಿಕೆಯಾಗುತ್ತದೆ. ಎದ್ದು ತಲೆ ಮೇಲಿನ ಮೂರೂ ಬಲ್ಬ್ ಹಚ್ಚುತ್ತಾನೆ. ಹಾಳಾಗಿ ಹೋಗಲಿ ಅನ್ನುವ ಹಾಗೆ! ಆಮೇಲೆ ಕುಡಿಯುತ್ತಾ, ಇಸ್ಪೀಟ್ ಆಡುತ್ತಾ ತನ್ನ ಬಾಲ್ಯ ಹೇಳುತ್ತಾನೆ. ಹತ್ತನೇ ವಯಸ್ಸಿಗೇ ವರ್ಕ್‌ಶಾಪ್‌ನಲ್ಲಿ ದಿನಕ್ಕೆ 12 ಗಂಟೆ ದುಡಿತ, ವಾರಕ್ಕೆ 50 ಸೆಂಟ್ ಕೂಲಿ. ದುಡ್ಡು ಬರುತ್ತದೆ ಅಂತ ಒಂದೇ ನಾಟಕಕ್ಕೆ ಅಂಟಿಕೊಂಡು ತನ್ನೊಳಗಿನ ದೊಡ್ಡ ನಟನನ್ನು ಕಳೆದುಕೊಂಡದ್ದು.

ಕಣ್ಣು ಒದ್ದೆಯಾಗುತ್ತದೆ. ನಮ್ಮಲ್ಲಿ ಜಾಸ್ತಿ ಜನ ಪರದೆ ಎಳೆಯುವುದು ಇಲ್ಲೇ. ಓನೀಲ್ ಎಳೆಯುವುದಿಲ್ಲ. ಬೆಳಕು ಕಣ್ಣಿಗೆ ಚುಚ್ಚುತ್ತಿದೆ ಅಂತ ನೆಪ ಹೇಳಿ ಅಪ್ಪ ಆ ಬಲ್ಬುಗಳನ್ನು ಆರಿಸಿಬಿಡುತ್ತಾನೆ. ಮಗನಿಗೆ ನಗು ಬರುತ್ತದೆ, ನಮಗೂ. ಜಿಪುಣತನ ಎಲ್ಲಿಗೂ ಹೋಗಿಲ್ಲ. ಹಾಗಂತ ಅವನ ಮೇಲಿನ ಕನಿಕರವೂ ಹೋಗುವುದಿಲ್ಲ. ಇಡೀ ನಾಟಕದಲ್ಲಿ ನಾನು ಮತ್ತೆ ಮತ್ತೆ ಓದುವುದು ಈ ಜಾಗವನ್ನೇ.

ಮನೆಯವರು ಓದಿದರೆ ಏನಂದಾರು ಅಂತ ಕೇಳಿದ್ದೀಯ. ಇದು ಓನೀಲ್‌ನ ಸ್ವಂತ ಮನೆಯ ಕಥೆ. ಎಳವೆಯಲ್ಲೇ ತೀರಿಹೋದ ಅಣ್ಣ ಎಡ್ಮಂಡ್‌ನ ಹೆಸರನ್ನು ತನ್ನದೇ ಪಾತ್ರವಾದ ಆ ಕಿರಿಮಗನಿಗಿಟ್ಟ, ತನ್ನ ಹೆಸರನ್ನು ನಾಟಕದಲ್ಲಿ ಸತ್ತ ಮಗುವಿಗೆ ಕೊಟ್ಟ. 1941ರ ಹೊತ್ತಿಗೆ ಬರೆದು ಮುಗಿಸಿ, ತಾನು ಸತ್ತು 25 ವರ್ಷ ಅಚ್ಚಾಗಬಾರದು ಅಂತ ಷರತ್ತು ಹಾಕಿದ. 1953ರಲ್ಲಿ ಹೋದ. 1956ರಲ್ಲೇ ಹೆಂಡತಿ ಅದನ್ನು ಹೊರತಂದಳು! ಅದಕ್ಕೇ ಹೇಳುವುದು, ಅಚ್ಚಿನ ಚಿಂತೆ ಆಮೇಲಿರಲಿ.

ನಿನ್ನ ಎರಡನೇ ದೃಶ್ಯದಲ್ಲಿ ಮಗಳ ಫೀಸ್ ಕಟ್ಟಲ್ಲ ಅನ್ನುತ್ತಾನಲ್ಲ ಅಪ್ಪ, ಅಲ್ಲಿ ಅವನಿಗೆ ಅರ್ಧ ಪುಟ ಕೊಡು. ತನ್ನ ಲೆಕ್ಕ ತಾನೇ ಹೇಳಲಿ. ಹೇಳಿದ ಮೇಲೂ ಫೀಸ್ ಕಟ್ಟದೇ ಇರಲಿ. ತಿದ್ದಿ ಕಳಿಸು, ಓದುತ್ತೇನೆ.