ಬಲಗಡೆಯ ಬಾಗಿಲು

ಮೈಸೂರು

ಚಿ. ಸುಮಾಗೆ ಚಿಕ್ಕಜ್ಜನ ಆಶೀರ್ವಾದ.

ನಿನ್ನ ಕಾಗದದ ಉಳಿದದ್ದೆಲ್ಲ ಸರಿ, ಆ ಒಂದು ಸಾಲು ಮಾತ್ರ ಎರಡು ದಿನದಿಂದ ಕೊರೆಯುತ್ತಿದೆ. “ಪೈಲಟ್ ಬದುಕಿ ಬಂದರಲ್ಲ, ಅಜ್ಜನನ್ನು ಬಿಟ್ಟು ತಾವೊಬ್ಬರೇ ಹಾರಿಕೊಂಡರಾ?”

ಇಲ್ಲ ಕಣೇ. ನಿನಗೆ ಹಾಗನ್ನಿಸಲು ಕಾರಣ ನಾನೇ. 1971ರ ಯುದ್ಧದಲ್ಲಿ ಭಾವ, ಅಂದರೆ ನಿನ್ನ ಅಜ್ಜ, ವಿಮಾನ ಬಿದ್ದು ಕಾಣೆಯಾದಾಗ ಅಕ್ಕ, ನಿನ್ನ ಅಜ್ಜಿ, ಕೇಳಿದ್ದಕ್ಕೆ “ಇಬ್ಬರಿಗೂ ಎಜೆಕ್ಷನ್ ಸೀಟ್ ಇರುತ್ತೆ” ಅಂದುಬಿಟ್ಟೆ. ಹಿಡಿ ಎಳೆದರೆ ಕೂತವನನ್ನು ವಿಮಾನದಿಂದ ಹೊರಕ್ಕೆ ಚಿಮ್ಮಿಸುವ ಕುರ್ಚಿ ಅದು. ನಾನು ಹೇಳಿದ್ದು ಅರ್ಧ ನಿಜ. ಫೋಟೋ ತೆಗೆಯುವ ಕ್ಯಾನ್‌ಬೆರಾ, ಪಿಆರ್57 ಮಾದರಿಯ ವಿಮಾನ, ಅದರಲ್ಲಿ ಇಬ್ಬರಿಗೂ ಇತ್ತು. ಭಾವ ನ್ಯಾವಿಗೇಟರ್ ಆಗಿ, ಅಂದರೆ ದಾರಿ ತೋರಿಸಿ ಬಾಂಬ್ ಹಾಕುವವರಾಗಿ, ಹೋಗುತ್ತಿದ್ದದ್ದು ಬಾಂಬರ್‌ನಲ್ಲಿ, ಅದೇ ವಿಮಾನದ ಬಿ(ಐ)58 ಮಾದರಿ. ಅದರಲ್ಲಿ ಆ ಸೀಟು ಪೈಲಟ್‌ಗೆ ಮಾತ್ರ.

ಪೈಲಟ್ ಮೇಲೆ, ಎಡಕ್ಕೆ ಸರಿದ ಗಾಜಿನ ಗುಮ್ಮಟದಡಿ ಕೂರುತ್ತಾನೆ. ನ್ಯಾವಿಗೇಟರ್ ಕೆಳಗೆ, ಮೂತಿಯೊಳಗೆ, ನಕ್ಷೆಯ ಮೇಜಿನ ಮುಂದೆ. ಬಾಂಬ್ ಹಾಕುವಾಗ ಇನ್ನೂ ಮುಂದಕ್ಕೆ ತೆವಳಿ ಗಾಜಿಗೆ ಮುಖವಿಟ್ಟು ಬೋರಲು ಮಲಗಬೇಕು. ಪೆಟ್ಟು ಬಿತ್ತೆಂದರೆ ಹಿಂದಕ್ಕೆ ತೆವಳಬೇಕು, ಆಕ್ಸಿಜನ್ ಕೊಳವೆ ಮತ್ತು ಇಂಟರ್‌ಕಾಮ್ ತಂತಿ ಕೀಳಬೇಕು, ಪ್ಯಾರಾಚೂಟನ್ನು ಮೈಪಟ್ಟಿಗೆ ಸಿಕ್ಕಿಸಿಕೊಳ್ಳಬೇಕು, ಮೂತಿಯ ಬಲಗಡೆಯ ಬಾಗಿಲು ತೆಗೆದು ಹೊರಬೀಳಬೇಕು. ಇಷ್ಟೂ ಕತ್ತಲಲ್ಲಿ, ಕೈಗವಸಿನ ಕೈಯಲ್ಲಿ. ಪೈಲಟ್ ಎಳೆಯಬೇಕಾದ್ದು ಒಂದೇ ಹಿಡಿ.

ವಿಮಾನ ನೆಟ್ಟಗಿದ್ದರೆ ಆಗುವ ಕೆಲಸವೇ. ಪೈಲಟ್ ಅದನ್ನು ನೆಟ್ಟಗೆ ಹಿಡಿದಿರಬೇಕು, ನ್ಯಾವಿಗೇಟರ್ ಮೊದಲು ಹೋಗಬೇಕು. ಆದರೆ ರೆಕ್ಕೆ ಮುರಿದು ಗಿರಕಿ ಹೊಡೆಯತೊಡಗಿದರೆ ಹಿಡಿಯುವುದೇನನ್ನು? 3 ಜಿ, ಅಂದರೆ ಭೂಮಿಯ ಸೆಳೆತದ ಮೂರರಷ್ಟು ಒತ್ತಡದಲ್ಲಿ 60 ಕಿಲೋ ಆಳು 180 ಕಿಲೋ ಆಗುತ್ತಾನೆ, ಗೋಡೆಗೆ ಅಂಟಿದ ತೋಳನ್ನು ಎತ್ತಲಾಗದು. ತಗ್ಗಿನಲ್ಲಿ ಹಾರುತ್ತಿದ್ದರಂತೂ ಮುಗಿಯಿತು. 500 ಅಡಿಯಿಂದ ಕಲ್ಲು ಬಿಟ್ಟರೆ ಐದೂವರೆ ಸೆಕೆಂಡಿಗೆ ನೆಲ ಮುಟ್ಟುತ್ತದೆ, ಅಷ್ಟರಲ್ಲಿ ಕೊಕ್ಕೆ ಸಿಕ್ಕಿಸುವುದೂ ಕಷ್ಟ. ಪೈಲಟ್ ಕಾದಿದ್ದರೆ ಇಬ್ಬರೂ ಹೋಗುತ್ತಿದ್ದರು, ಅಷ್ಟೇ.

1965ರ ಸೆಪ್ಟೆಂಬರ್ 21ರ ರಾತ್ರಿ ಪಂಜಾಬ್ ಗಡಿಯ ಫಾಜಿಲ್ಕಾ ಹತ್ತಿರ ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನ ಹೊಡೆದ ಕ್ಷಿಪಣಿಗೆ ಸಿಕ್ಕಿದ್ದೂ ನಮ್ಮ ಬಾಂಬರ್ ಕ್ಯಾನ್‌ಬೆರಾವೇ. ಪೈಲಟ್ ಹಾರಿಕೊಂಡು ಸೆರೆಯಾದರು, ನ್ಯಾವಿಗೇಟರ್ ತೀರಿಕೊಂಡರು. ಅದು ಬಲು ಎತ್ತರದಲ್ಲಿ ನಡೆದದ್ದು. ಎತ್ತರವಿದ್ದೂ ಸಾಲಲಿಲ್ಲ ನೋಡು.

ವಾಯುಪಡೆಯ ಪ್ಯಾರಾಚೂಟ್ ಸೆಕ್ಷನ್ನಿನಲ್ಲಿದ್ದವನು ನಾನು, ಇದೆಲ್ಲ ಆಗಲೇ ಗೊತ್ತಿತ್ತು. ಅಕ್ಕನ ಮುಖ ನೋಡಿ ನಾಲಿಗೆ ಏಳಲಿಲ್ಲ. ಸೀಟಿತ್ತು ಅಂದಮೇಲೆ ಹಾರಿಕೊಂಡಿರಬೇಕು, ಹಾರಿಕೊಂಡಿದ್ದರೆ ಪಾಕಿಸ್ತಾನದ ಜೈಲಿನಲ್ಲಿರಬೇಕು ಅಂತ ಅವಳು ಲೆಕ್ಕ ಹಾಕಿದಳು. 2007ರಲ್ಲಿ ಕಾಣೆಯಾದವರ ಮನೆಯವರು ಅಲ್ಲಿನ ಜೈಲುಗಳನ್ನು ನೋಡಿ ಬರಿಗೈಲಿ ಬಂದ ಸುದ್ದಿ ಪೇಪರಿನಲ್ಲಿತ್ತು. ಅವತ್ತು ಅಕ್ಕ ಕಲಸಿದ ಅನ್ನ ತಟ್ಟೆಯಲ್ಲೇ ಒಣಗಿತು. ನಾನು ಎದುರಿಗೇ ಕೂತಿದ್ದೆ, ಆಗಲಾದರೂ ಹೇಳಬಹುದಿತ್ತು.

ಪೈಲಟ್ ಮನೆಗೆ ಬರೆಯುತ್ತೇನೆ ಅಂದಿದ್ದೀಯ. ಬೇಡ ಅನ್ನಲು ನಾನ್ಯಾರು. “ಯಾಕೆ ಬಿಟ್ಟಿರಿ” ಅಂತ ಮಾತ್ರ ಕೇಳಬೇಡ. ಇಂಟರ್‌ಕಾಮ್‌ನಲ್ಲಿ ಕೊನೆಗೆ ಏನು ಕೇಳಿಸಿತು, ಎಷ್ಟು ಎತ್ತರದಲ್ಲಿದ್ದರು ಅಂತ ಕೇಳು. ಏರ್ ಹೆಡ್‌ಕ್ವಾರ್ಟರ್ಸ್‌ಗೆ ಬರೆದರೆ ಸರ್ವಿಸ್ ನಂಬರ್, ಹುದ್ದೆ, ಸ್ಕ್ವಾಡ್ರನ್, ತಾರೀಕು ನಾಲ್ಕೂ ಮೊದಲ ಸಾಲಿನಲ್ಲೇ ಇರಲಿ. ಉತ್ತರ ಬಂದರೂ ಎಷ್ಟು ಹೇಳುತ್ತಾರೋ.

ಬೆಂಗಳೂರಿಗೆ ಹೋದಾಗ ಎಚ್‌ಎಎಲ್ ಮ್ಯೂಸಿಯಂನಲ್ಲಿ ಕ್ಯಾನ್‌ಬೆರಾ ನಿಲ್ಲಿಸಿದ್ದಾರೆ, ನೋಡಿಕೊಂಡು ಬಾ. ಮೂತಿಯ ಬಲಗಡೆಗೆ ಹೋಗಿ ಆ ಬಾಗಿಲಿನ ಅಳತೆ ನೋಡು. ಆಮೇಲೂ ಆ ಪ್ರಶ್ನೆ ಉಳಿದರೆ ನನಗೇ ಬರೆ, ಅವರಿಗೆ ಬೇಡ.

ಈ ಕಾಗದವನ್ನು ಅಕ್ಕನಿಗೆ ಓದಿ ಹೇಳಬೇಡಮ್ಮ. ದಸರೆಗೆ ಬರುತ್ತೀನಲ್ಲ, ಸೀಟಿನ ವಿಷಯ ನಾನೇ ಹೇಳುತ್ತೇನೆ.

ಇಂತಿ,
ನಿನ್ನ ಚಿಕ್ಕಜ್ಜ